ಮುಪ್ಪಿನ ಪಾತ್ರ

ನಮ್ಮ ಕನ್ನಡ ಸಂಘದ ಗಣೇಶೋತ್ಸವದ ನಾಟಕಕ್ಕೆ ಆ ದೃಶ್ಯವನ್ನು ಆರಿಸಿದವರು ಮೋಹಿನಿ ಅಕ್ಕ. ತೀರಿಹೋದ ನನ್ನ ಗಂಡ ರೋಹಿತನ ಅಕ್ಕ ಅವರು. ಊರು ಬಿಟ್ಟು ಬಂದ ಈ ಪರದೇಶದಲ್ಲಿ, ಸುಬಾಂಗ್ ಜಯಾದ ಅವರ ಮನೆಯಲ್ಲೇ ಎರಡು ವರ್ಷದಿಂದ ನಾನಿರುವುದು.

ದೃಶ್ಯ ಹಳೆಯ ಕಪ್ಪುಬಿಳುಪು ತಮಿಳು ಸಿನಿಮಾದ್ದು, ಪ್ರಾಚೀನ ಕಾಲದ ಒಬ್ಬ ಕವಯಿತ್ರಿಯ ಕಥೆ. ಮದುವೆ ಬೇಡವೆಂದು ಹುಡುಗಿ ಗಣಪತಿಯ ಮುಂದೆ ಕೂತು, ನನ್ನ ಯೌವನ ತೆಗೆದುಕೋ ಎಂದು ಬೇಡುತ್ತಾಳೆ. ಮರುಗಳಿಗೆ ಅಲ್ಲಿ ಮುದುಕಿ ಕೂತಿರುತ್ತಾಳೆ. ಟಿವಿಯಲ್ಲಿ ಅದನ್ನು ನೋಡುವಾಗ ಸಂಘದ ಹೆಂಗಸರೆಲ್ಲ ಕಣ್ಣೊರೆಸಿಕೊಂಡಿದ್ದರು.

ಹುಡುಗಿಯ ಪಾತ್ರ ಮೋಹಿನಿ ಅಕ್ಕನ ಮಗಳು ಅಕ್ಷಯಾಗೆ ಹೋಯಿತು. ಮುದುಕಿಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಬಿಳಿ ಸೀರೆ, ಬೋಳು ಹಣೆ.

“ಮುತ್ತೈದೆಯರು ಆ ವೇಷ ಹಾಕ್ಲಿಕ್ಕೆ ಆಗ್ತದಾ?” ಎಂದರು ಮೋಹಿನಿ ಅಕ್ಕ. “ವಾಸಂತಿ ಮಾಡ್ತಾಳೆ. ನಿಂಗೇನು, ದೋಷ ಇಲ್ಲ.”

ನನಗೆ ಮೂವತ್ತೊಂದು.

“ಅವತ್ತು ಕೀರ್ತಿರಾಜ್ ಬರ್ತಾರಲ್ಲ ಅಕ್ಕ,” ಎಂದೆ.

ಕೀರ್ತಿರಾಜ್ ಬಯಾನ್ ಲೆಪಾಸ್ ಎಂಬ ಊರಿನಲ್ಲಿ ಇಂಜಿನಿಯರ್. ವಿಚ್ಛೇದನವಾಗಿದೆ. ನಾಲ್ಕು ತಿಂಗಳು ಫೋನಿನಲ್ಲಿ ಮಾತಾಡಿದ್ದೆವು. ನನ್ನನ್ನು ನೋಡಲು ತಾಯಿಯನ್ನು ಕರೆತರುವವನಿದ್ದ. ಆಕೆ ಒಪ್ಪಿದರೆ ಮದುವೆಯಾಗಿ ನಾನು ಅಕ್ಕನ ಮನೆ ಬಿಡಬಹುದಿತ್ತು.

“ಬರ್ಲಿ. ಇದ್ದದ್ದನ್ನ ಇದ್ದ ಹಾಗೆ ನೋಡ್ಲಿ.”

ಅಕ್ಷಯಾ ಮೊಬೈಲಿನಿಂದ ತಲೆಯೆತ್ತದೆ, ಮಾತಿಗೆಲ್ಲ ‘ಲಾ’ ಸೇರಿಸುವ ಇಲ್ಲಿಯ ಇಂಗ್ಲಿಷಿನಲ್ಲಿ ಹೇಳಿದಳು. “ಮಾಮಿ, ಜಸ್ಟ್ ಎ ಸ್ಕಿಟ್ ಲಾ. ಯೂ ವೋಂಟ್ ಈವನ್ ನೀಡ್ ಮೇಕಪ್.”

ನಾನು ಇಲ್ಲವೆನ್ನಲಿಲ್ಲ. ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಕಡುಗೆಂಪು ಸ್ಟಿಕರ್ ಬೊಟ್ಟಿನ ಒಂದು ಹಾಳೆ ಕೊಂಡುತಂದೆ.

ದೀಪ ಆರಿಸಿ ಹತ್ತು ಎಣಿಸುವಷ್ಟರಲ್ಲಿ ಅಕ್ಷಯಾ ಪರದೆಯ ಹಿಂದೆ ಸರಿಯಬೇಕು, ನಾನು ಅವಳ ಜಾಗದಲ್ಲಿ ಕೂರಬೇಕು. ಹಾಗೆಂದು ತಾಲೀಮು ಮಾಡಿಸಿದ್ದರು. ಉತ್ಸವದ ದಿನ, ಒಳಗೆ ನಾನು ವೇಷ ಹಾಕುತ್ತಿದ್ದೇನೆಂದು ಮೋಹಿನಿ ಅಕ್ಕ ನಂಬಿದ್ದರು. ಬಿಳಿ ಸೀರೆಯನ್ನು ಕುರ್ಚಿಯ ಮೇಲೆ ಮಡಚಿಟ್ಟು ನಾನು ಹೊರಗೆ ಬಂದಿದ್ದೆ. ದೀಪ ಆರಿದಾಗ ಹಸಿರು ಸೀರೆಯುಟ್ಟು, ಬೊಟ್ಟಿಟ್ಟು, ಮೂರನೇ ಸಾಲಿನಲ್ಲಿ ಕೀರ್ತಿರಾಜನ ತಾಯಿಯ ಪಕ್ಕ ಕೂತಿದ್ದೆ.

ದೀಪ ಹತ್ತಿತು. ಅಕ್ಷಯಾಳೇ ಕೂತಿದ್ದಳು.

“ಗಣಪತಿ ಇವತ್ತು ರಜೆ ಲಾ,” ಎಂದರು ಹಿಂದಿನಿಂದ ಯಾರೋ. ನಗು ಸಾಲಿನಿಂದ ಸಾಲಿಗೆ ಬಂತು. ಅಕ್ಷಯಾ ಪ್ರಾರ್ಥನೆಯನ್ನು ಮತ್ತೊಮ್ಮೆ ಹೇಳಿದಳು. ಮೂರನೇ ಸಲ ಅವಳಿಗೆ ಅಳು ಬಂತು. ಆಗ ನಗು ಇನ್ನೂ ಹೆಚ್ಚಿತು.

ದೀಪ ಇನ್ನೊಮ್ಮೆ ಆರಿ ಹತ್ತಿದಾಗ ಅಲ್ಲಿ ಮೋಹಿನಿ ಅಕ್ಕ ಕೂತಿದ್ದರು. ರೇಷ್ಮೆ ಸೀರೆಯ ಮೇಲೆಯೇ ಬಿಳಿಯದನ್ನು ಸುತ್ತಿಕೊಂಡಿದ್ದರು. ಕುಂಕುಮವನ್ನು ಅಂಗೈಯಿಂದ ಒರೆಸಿದ್ದು ಕಿವಿಯವರೆಗೂ ಹರಡಿತ್ತು. ಮುಂದಿನ ಸಾಲಿನಲ್ಲಿ ಅವರ ಗಂಡ ಮಧ್ವರಾಜ ಭಾವ ತಲೆ ತಗ್ಗಿಸಿದರು. ಈಗ ಯಾರೂ ನಗಲಿಲ್ಲ.

ಊಟದ ಹೊತ್ತಿಗೆ ಕೀರ್ತಿರಾಜನ ತಾಯಿ ಕೇಳಿದರು: “ಗಂಡ ಎದುರಿಗೇ ಇದ್ದಾರೆ. ಕುಂಕುಮ ಅಳಿಸ್ಕೊಂಡ್ರಲ್ಲ, ಪಾಪ. ಬೇರೆ ಯಾರೂ ಸಿಗ್ಲಿಲ್ವಾ?”

“ನನಗೆ ಹೇಳಿದ್ರು. ನಾನು ವೇಷ ಹಾಕ್ಲಿಲ್ಲ.”

ಅವರು ನನ್ನ ಬೊಟ್ಟನ್ನು ನೋಡಿದರು.

“ಹಾಕ್ಬಹುದಿತ್ತಲ್ಲಮ್ಮ. ನಿಂಗೇನು.”

ಕೀರ್ತಿರಾಜ್ ಪಕ್ಕದಲ್ಲೇ ಪಾಯಸ ಕುಡಿಯುತ್ತಿದ್ದ. ಲೋಟ ಖಾಲಿಯಾದ ಮೇಲೂ ಅದನ್ನೇ ನೋಡುತ್ತಿದ್ದ. ಹೊರಡುವಾಗ ಫೋನ್ ಮಾಡುತ್ತೇನೆ ಎನ್ನಲಿಲ್ಲ.

ಕಾರು ಮನೆಯ ತಿರುವಿಗೆ ಬಂದಾಗ, ಮುಂದೆ ಕೂತಿದ್ದ ಮೋಹಿನಿ ಅಕ್ಕ ಕನ್ನಡಿಯಲ್ಲಿ ನನ್ನ ಹಣೆ ನೋಡುತ್ತ ಕೇಳಿದರು.

“ವಾಸಂತಿ, ಬೊಟ್ಟು ಉಂಟಾ ನಿನ್ನ ಹತ್ರ? ಬರಿ ಹಣೆಯಲ್ಲಿ ಮನೆ ಒಳಗೆ ಹೋಗೂದು ಹೇಗೆ.”

ಹಾಳೆ ನನ್ನ ಬ್ಯಾಗಿನಲ್ಲಿತ್ತು. ಒಂದೇ ಒಂದು ಬೊಟ್ಟು ಬಳಕೆಯಾಗಿತ್ತು.

“ಇಲ್ಲ,” ಎಂದೆ.