ಅವ್ವನನ್ನು ಬಿಟ್ಟು ಇನ್ನೊಬ್ಬರು

"ಹಂಗಲ್ಲ, ಹಂಗಲ್ಲ. ಮೊದಲು ಮಂಡಿ ಕೆಳಗೆ ಕಂಬಳಿ ಕೊಡ್ರಿ," ಎನ್ನುತ್ತ ಕೆಂಚಣ್ಣ ನೆರೆದವರನ್ನು ಸರಿಸಿ ತಾನೇ ಮುಂದೆ ಬಂದ.

ಅವನ ಹೆಂಡತಿ ದುರುಗಕ್ಕನ ಹೆಣವನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಲು ನಾಲ್ಕು ಜನ ಗಂಡಸರು ಆಗಿನಿಂದ ಒದ್ದಾಡುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆ ಹೋದ ಜೀವ, ಮೈ ಇನ್ನೂ ಸೆಟೆದಿರಲಿಲ್ಲ. ಎತ್ತಿ ಕೂರಿಸಿದರೆ ಸೊಂಟ ಜಾರುತ್ತಿತ್ತು, ಸೊಂಟ ಹಿಡಿದರೆ ತಲೆ ವಾಲುತ್ತಿತ್ತು. ಕೆಂಚಣ್ಣ ಮಂಡಿಯ ಕೆಳಗೆ ಕಂಬಳಿಯ ಒಂದು ಸುರುಳಿ, ಎರಡೂ ಪಕ್ಕೆಗೆ ಒಂದೊಂದು ಸುರುಳಿ ಇಟ್ಟು, ಸೊಂಟವನ್ನು ಗೋಡೆಯ ಬುಡಕ್ಕೆ ಒತ್ತಿ ಕೈ ಬಿಟ್ಟ. ದುರುಗಕ್ಕ ಅಲುಗದೆ ಕೂತಳು.

"ಇದ್ಯಾವಾಗ ಕಲ್ತೆ ಕೆಂಚಣ್ಣ?" ಎಂದು ಯಾರೋ ಕೇಳಿದರು.

"ಇವಳೇ ಕಲಿಸಿದ್ದು. ಕತ್ತು ನಿಲ್ಲದ ಕೂಸನ್ನ ಹಿಂಗೇ ಕೂರಿಸಬೇಕು ಅಂತ."

ಅಷ್ಟು ಹೇಳಿ ಅವನು ಗಾರೆ ಕೆಲಸ ಮಾಡಿ ಮಾಡಿ ಕಲ್ಲಿನಂತಾಗಿದ್ದ ಕೈಯಿಂದ ಹೆಂಡತಿಯ ಸೆರಗು ಸರಿಮಾಡಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

ಜವನಗೊಂಡನಹಳ್ಳಿಯ ಪಂಚಾಯ್ತಿ ಚೇರ್ಮನ್ ಗೋವಿಂದಯ್ಯ ಹಾರ ಹಾಕಿ, ಕೈಮುಗಿದು, ಕೆಂಚಣ್ಣನ ಕಿವಿಯ ಹತ್ತಿರ ಬಗ್ಗಿದ. "ಏನಪ್ಪ ಕೆಂಚಣ್ಣ, ಇಂಥ ಹೊತ್ತಲ್ಲಿ ಹೇಳಬಾರದು. ಇವತ್ತೇ ದುರ್ಗದಿಂದ ಆ ಸಾಹೇಬ್ರು ಬರ್ತಾರಲ್ಲ. ಬ್ಯಾಡ ಅಂತ ಹೇಳಿ ಕಳಿಸಾಕೂ ಹೊತ್ತಿಲ್ಲ."

ಕೆಂಚಣ್ಣನಿಗೆ ಅದು ಮರೆತೇ ಹೋಗಿತ್ತು. ಚಾವಡಿಯ ಪಕ್ಕದ ಕೊಠಡಿಯಲ್ಲಿ ದುರುಗಕ್ಕ ಒಂಬತ್ತು ವರ್ಷದಿಂದ ಕೈಕಾಲು ಸ್ವಾಧೀನವಿಲ್ಲದ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಕೊಠಡಿ ಪಂಚಾಯ್ತಿಯದು, ಹಾಲಿನ ಪುಡಿ ದುರ್ಗದ ಕಚೇರಿಯದು. ಇಷ್ಟು ವರ್ಷ ಕೊಟ್ಟಿದ್ದಕ್ಕೆ ಪ್ರಯೋಜನ ಎಷ್ಟಾಯಿತು ಎಂದು ಅಳೆಯಲು ಸಾಹೇಬರು ಬರುತ್ತಾರೆಂದೂ, ಮಕ್ಕಳನ್ನೆಲ್ಲ ಹಾಜರುಪಡಿಸಬೇಕೆಂದೂ ಮೂರು ವಾರದ ಹಿಂದೆ ಕಾಗದ ಬಂದಿತ್ತು. ಪ್ರಯೋಜನ ಕಾಣದಿದ್ದರೆ ಪುಡಿ ನಿಲ್ಲುತ್ತದೆ, ಕೊಠಡಿಗೆ ಸೊಸೈಟಿಯ ಗೊಬ್ಬರದ ಮೂಟೆ ಬರುತ್ತವೆ. ಗೋವಿಂದಯ್ಯ ಕೆಟ್ಟವನೇನಲ್ಲ. ಆದರೆ ಈ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಮೊದಲಿನಿಂದಲೂ ಅವನ ಮತ.

ಕಾಗದ ಬಂದ ದಿನ ದುರುಗಕ್ಕ ಫಾರಮ್ಮಿನ ನಕಲನ್ನು ಗಂಡನ ಕೈಲಿ ಓದಿಸಿದ್ದಳು. ಕೂರುತ್ತದೆಯೇ, ನಿಲ್ಲುತ್ತದೆಯೇ, ನಡೆಯುತ್ತದೆಯೇ, ಮಾತನಾಡುತ್ತದೆಯೇ. ಹನ್ನೊಂದು ಮಕ್ಕಳಲ್ಲಿ ನಡೆಯುತ್ತಿದ್ದವು ಎರಡು. "ಹಂಗಾರೆ ನಾನು ಫೇಲು," ಎಂದು ನಕ್ಕಿದ್ದಳು. ಆ ನಗೆ ಕೆಂಚಣ್ಣನಿಗೆ ಇಷ್ಟವಾಗಿರಲಿಲ್ಲ. ಈಗ ಅವಳು ಸತ್ತ ದಿನವೇ ಒಬ್ಬರು ಬಂದು ಅವಳ ಬದುಕಿಗೆ ಸೊನ್ನೆ ಸುತ್ತಿ ಹೋಗುತ್ತಾರಲ್ಲ ಎಂದುಕೊಂಡ.

*

ಅವರಿಗೂ ಒಬ್ಬ ಮಗನಿದ್ದ, ಬೋರಯ್ಯ. ಕೈಕಾಲು ಕಟ್ಟಿಗೆಯ ಹಾಗೆ ಬಿಗಿ. ಕುತ್ತಿಗೆ ನಿಲ್ಲದು, ಗುಟುಕು ಇಳಿಯದು. ಅವನಿಗೆ ಉಣ್ಣಿಸಲು ದುರುಗಕ್ಕನಿಗೆ ಮಾತ್ರ ಬರುತ್ತಿತ್ತು.

ಒಂದು ದಿನ ಹಾಲುರಾಮೇಶ್ವರದ ಕಡೆಯ ಅವಳ ತವರಿನಿಂದ ಆಳು ಬಂತು. ತಾಯಿ ಹೋಗಿಬಿಟ್ಟಿದ್ದಾಳೆ, ಮಣ್ಣು ಮಾಡುವುದು ನಾಳೆ. ದುರುಗಕ್ಕ ಅಳುತ್ತಲೇ ಎರಡು ಸೀರೆ ಗಂಟು ಕಟ್ಟಿದಳು. "ಹೋಗಿ ಬಾ, ನಾನು ನೋಡ್ಕಂತೀನಿ," ಎಂದು ಕೆಂಚಣ್ಣ ಗಂಡಸಿನ ಗತ್ತಿನಲ್ಲಿ ಹೇಳಿ, ತೋರಿಸಿಕೊಳ್ಳಲೆಂದೇ ಗಂಜಿಯ ಬಟ್ಟಲು ತಗೊಂಡ. ಕೂಸನ್ನು ಮಲಗಿಸಿಯೇ ಒಂದು ಚಮಚ ಹುಯ್ದ. ಅದು ನೆತ್ತಿಗೇರಿ ಬೋರಯ್ಯನ ತುಟಿ ನೀಲಿಗಟ್ಟಿತು. ಅವಳು ಓಡಿಬಂದು ಮಗನನ್ನು ಬೋರಲು ಮಾಡಿ ಬೆನ್ನು ತಟ್ಟಿ ಉಳಿಸಿಕೊಂಡಳು.

ಆಮೇಲೆ ಗಂಟು ಬಿಚ್ಚಿದಳು. ಹೆತ್ತ ತಾಯಿಯ ಮುಖಕ್ಕೆ ಒಂದು ಹಿಡಿ ಮಣ್ಣು ಹಾಕಲು ಅವಳು ಹೋಗಲೇ ಇಲ್ಲ. ತಾನು ಮತ್ತೆ ಆ ಬಟ್ಟಲು ಮುಟ್ಟಲಿಲ್ಲವಲ್ಲ, ಕಲಿಯುವ ಮನಸ್ಸನ್ನೂ ಮಾಡಲಿಲ್ಲವಲ್ಲ ಎಂಬುದು ಕೆಂಚಣ್ಣನಿಗೆ ಹೊಳೆದದ್ದು ಬೋರಯ್ಯ ಒಂಬತ್ತು ವರ್ಷದವನಾಗಿ ತೀರಿಕೊಂಡ ಮೇಲೆ.

ಮಗ ಹೋದ ಮೇಲೆ ದುರುಗಕ್ಕ ದುರ್ಗದ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ, ಮೂರು ವರ್ಷ ಅಲ್ಲಿನ ನರ್ಸಮ್ಮನ ಹಿಂದೆ ಸುತ್ತಿ, ಇಂಥ ಕೂಸುಗಳನ್ನು ಕೂರಿಸುವುದು, ಉಣ್ಣಿಸುವುದು, ಎತ್ತುವುದು ಎಲ್ಲ ಕಲಿತು ಊರಿಗೆ ಬಂದಳು. ಐದಾರು ತಿಂಗಳಾದರೂ ಕತ್ತು ನಿಲ್ಲದ ಕೂಸು ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಎಂಟು ಮೈಲಿಯಾದರೂ ನಡೆದು ಹೋಗುವಳು. "ಬ್ಯಾಗ ಹೋಗಬೇಕು ಕಣ್ರಿ. ತಡ ಆದ್ರೆ ಕೂಸಿಗಿಂತ ಮೊದ್ಲು ಅವ್ವ ಮುರುದು ಹೋಗ್ತಾಳೆ," ಎನ್ನುವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಕೆಂಚಣ್ಣ ಬೇಕಾದಷ್ಟು ಸಲ ಗೊಣಗಿದ್ದ.

*

ಹನ್ನೊಂದು ಗಂಟೆಗೆ ಜೀಪು ಬಂತು. ಶಿವಕುಮಾರಪ್ಪ ಎಂಬ ಆ ಸಾಹೇಬರು ಚಪ್ಪರದಾಚೆ ಜಗಲಿಯ ಮೇಲಿದ್ದ ಹೆಣ ನೋಡಿ ಗಾಬರಿಯಾಗಿ, ಚಪ್ಪಲಿ ಬಿಟ್ಟು, ಕೈಮುಗಿದು ನಿಂತರು. ವಿಷಯ ತಿಳಿದ ಮೇಲೂ ಹೊರಡಲಿಲ್ಲ. "ಮತ್ತೊಂದು ದಿನ ಬರೋಣ ಅಂದ್ರೆ ಈ ತಿಂಗಳೇ ವರದಿ ಕಳಿಸಬೇಕು. ಮಕ್ಕಳನ್ನ ಹೇಗೂ ಕರೆಸಿದ್ದೀರಲ್ಲ, ಬಂದ ಮೇಲೆ ದೂರದಿಂದಲೇ ನೋಡಿಕೊಂಡು ಹೋಗ್ತೀನಿ," ಎಂದು ಬೇವಿನ ಮರದಡಿ ಕೂತರು. ತೊಡೆಯ ಮೇಲೆ ಸೈಕ್ಲೋಸ್ಟೈಲ್ ಮಾಡಿದ ಫಾರಮ್ಮುಗಳ ಕಟ್ಟು.

ಬೆಳಿಗ್ಗೆಯೇ ಬಸ್ಸಿನ ಕಂಡಕ್ಟರುಗಳ ಕೈಲಿ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಕಳಿಸಿದ್ದರು. ಬಿಸಿಲೇರುತ್ತಿದ್ದ ಹಾಗೆ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ಆ ಕೂಸುಗಳ ತಾಯಂದಿರು. ಕೆಂಚಣ್ಣ ಎದ್ದು ನಿಂತು ಅವರ ಹಿಂದೆ ಇಣುಕಿದ. ಯಾರ ಬಗಲಲ್ಲೂ ಕೂಸಿಲ್ಲ, ಯಾರ ಹಿಂದೆಯೂ ಮಗುವಿಲ್ಲ. ಸಾವಿನ ಮನೆಗೆ ಎಳೆಮಕ್ಕಳನ್ನು ತರಬಾರದೆಂದು ಎಲ್ಲರೂ ಮನೆಯಲ್ಲೇ ಬಿಟ್ಟು ಬಂದಿದ್ದರು. ಸಾಹೇಬರನ್ನು ಯಾರು ನೆನೆಸಿಕೊಳ್ಳಬೇಕು, ದುರುಗಕ್ಕನೇ ಹೋದ ಮೇಲೆ?

"ಒಂದೂ ಬರಲಿಲ್ಲವಾ?" ಎಂದರು ಶಿವಕುಮಾರಪ್ಪ.

ನೆರೆಮನೆಯ ಮುದುಕಿಗೆ ಇಷ್ಟು ಸಾಕಾಯಿತು. "ಕೈ ಸವೆಯೋ ಹಂಗೆ ಸಾಕಿದ್ಲು. ಮಣ್ಣಿಗೆ ಒಂದು ಕೂಸಾದ್ರೂ ಬಂತೇನ್ರವ್ವಾ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಕೆಂಚಣ್ಣ ತಲೆ ತಗ್ಗಿಸಿದ.

ಅಷ್ಟರಲ್ಲಿ ತಿಪ್ಪಮ್ಮ ಎಂಬುವಳು ಹೆಣದ ಕಾಲು ಹಿಡಿದು ಹಾಡಿಕೊಂಡು ಅಳತೊಡಗಿದಳು. ಮೂವತ್ತು ದಾಟದ, ಗಟ್ಟಿ ದನಿಯ ಹೆಂಗಸು.

"ಐದು ವರ್ಷ ಹೊಸಿಲು ದಾಟದೋಳ ದಾಟಿಸಿದ್ಯಲ್ಲೇ ನನ್ನವ್ವಾ... ತಂಗಿ ಮದುವೇಲಿ ಧಾರೆ ನೋಡೋ ಹಂಗೆ ಮಾಡಿದ್ಯಲ್ಲೇ ನನ್ನವ್ವಾ..."

ಪಕ್ಕದಲ್ಲಿ ಬೋರಕ್ಕ ಎಂಬ ಇನ್ನೊಬ್ಬ ತಾಯಿ ದನಿ ಕೂಡಿಸಿದಳು. "ಕಡಲೆಕಾಯಿ ಕೀಳಾಕೆ ಹೊಲಕ್ಕೆ ಕಳಿಸಿದ್ಯಲ್ಲೇ ತಾಯಿ... ಒಂದು ರಾತ್ರಿ ಪೂರಾ ನಿದ್ದೆ ಕೊಟ್ಯಲ್ಲೇ ತಾಯಿ..."

ಕೆಂಚಣ್ಣ ತಲೆ ಎತ್ತಿದ. ಈ ಹೆಂಗಸರಲ್ಲಿ ಯಾರೂ ಮಗ ನಡೆದ, ಮಗಳು ಮಾತಾಡಿದಳು ಎಂದು ಅಳುತ್ತಿರಲಿಲ್ಲ.

*

ತಿಪ್ಪಮ್ಮ ಮಗನನ್ನು ಎತ್ತಿಕೊಂಡು ಮೊದಲ ಸಲ ಕೊಠಡಿಗೆ ಬಂದ ದಿನ ಕೆಂಚಣ್ಣ ಅಲ್ಲೇ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಜೊತೆಗೆ ಅವಳ ಮಾವ ಸಣ್ಣತಿಮ್ಮಪ್ಪ, ಕುರಿ ಕಾಯುವ ಮುದುಕ, ಬಾಗಿಲಾಚೆ ಬೀಡಿ ಸೇದುತ್ತ ನಿಂತಿದ್ದ.

"ನೀನು ಹೊರಗೆ ಕುಂತ್ಕಳವ್ವಾ," ಎಂದಳು ದುರುಗಕ್ಕ ತಿಪ್ಪಮ್ಮನಿಗೆ. "ಅವ್ವನನ್ನು ಬಿಟ್ಟು ಇನ್ನೊಬ್ಬರು ಒಳಗೆ ಬರ್ರಿ."

ಅದು ಅವಳ ಪದ್ಧತಿ. ತಾಯಂದಿರಿಗೆ ಏನೂ ಕಲಿಸುತ್ತಿರಲಿಲ್ಲ. ಅಜ್ಜಿ, ಅಪ್ಪ, ಅಕ್ಕ, ಚಿಕ್ಕಪ್ಪ, ಮನೆಯಲ್ಲಿ ಯಾರಿದ್ದರೂ ಸರಿ, ಅವರಿಗೇ ಕಲಿಸುವಳು. ಇದಕ್ಕಾಗಿ ಎಷ್ಟು ಅತ್ತೆಯರು ಜಗಳಕ್ಕೆ ಬಂದಿದ್ದರೋ ಲೆಕ್ಕವಿಲ್ಲ.

"ಗಂಡಸ್ರು ಕೂಸಿಗೆ ಉಣ್ಣಿಸೋದು ಎಲ್ಲಾರ ಐತೇನವ್ವಾ?" ಎಂದ ಸಣ್ಣತಿಮ್ಮಪ್ಪ.

"ಎಮ್ಮೆಕರಕ್ಕೆ ಬಿದಿರ ಗೊಟ್ಟದಾಗೆ ಔಷಧಿ ಹುಯ್ಯಾಕೆ ಬರ್ತೈತಲ್ಲ ನಿಂಗೆ? ಅದಕ್ಕಿಂತ ನಿನ್ನ ಮೊಮ್ಮಗ ಕಡೆಯಾದ್ನಾ? ಬೀಡಿ ಬಿಸಾಕಿ ಕೈ ತೊಳ್ಕಂಡು ಬಾ."

ಮುದುಕ ಬಂದ. ಕೂರಿಸಿ, ಗದ್ದಕ್ಕೆ ಬೆರಳು ಕೊಟ್ಟು, ಒಂದು ಗುಟುಕು ಇಳಿಯುವ ತನಕ ಕಾಯಬೇಕು. ಕುರಿ ಕಾದವನಿಗೆ ಕಾಯುವುದೇನು ಹೊಸದೇ? ಎಂಟನೇ ದಿನಕ್ಕೆ ಮೊಮ್ಮಗ ಅವನ ಕೈಯಲ್ಲಿ ಅರ್ಧ ಬಟ್ಟಲು ಗಂಜಿ ಉಂಡ. ಆಮೇಲೆ ದುರುಗಕ್ಕ ಗಂಡನನ್ನು ಗಾರೆ ಕರಣೆ ಸಮೇತ ಅವರ ಮನೆಗೆ ಎಳೆದುಕೊಂಡು ಹೋಗಿ, ಅಡುಗೆಮನೆಯ ಮೂಲೆಯಲ್ಲಿ ಕೂಸು ಜಾರದ ಹಾಗೆ ಪುಟ್ಟದೊಂದು ಕಟ್ಟೆ ಕಟ್ಟಿಸಿದಳು. ಅಂಥ ಹನ್ನೊಂದು ಕಟ್ಟೆ ಕಟ್ಟಿದ್ದ ಕೆಂಚಣ್ಣ. ಗುಡಿ ಕಟ್ಟಿದ ಕೈಲಿ ಇದೆಂಥ ಆಟ ಕಟ್ಟಿಸ್ತೀಯೇ ಎಂದು ಪ್ರತಿಸಲವೂ ರೇಗಿದ್ದ. ಅಳತೆ ಮಾತ್ರ ಒಂದು ಬೆರಳೂ ತಪ್ಪಿಸಿರಲಿಲ್ಲ. ಅಳತೆಗೆಂದು ಕೂಸನ್ನು ಕೂರಿಸುವುದನ್ನು ಅವಳಿಂದ ಕಲಿತದ್ದೂ ಆಗಲೇ.

*

ಶಿವಕುಮಾರಪ್ಪ ಪೆನ್ನಿನ ಮುಚ್ಚಳ ತೆಗೆದು ಫಾರಮ್ಮಿನ ಮೇಲೆ ಏನೋ ಬರೆಯಲು ಹೊರಟಿದ್ದರು. ಕೆಂಚಣ್ಣ ಸೀದಾ ಹೋಗಿ ಎದುರಿಗೆ ನಿಂತ.

"ಸಾಹೇಬ್ರೆ, ಮಕ್ಕಳು ಬರಲಿಲ್ಲ ಅಂತ ಬರೀಬ್ಯಾಡ್ರಿ."

"ಮತ್ತೇನು ಬರೀಲಿ ಯಜಮಾನ್ರೇ? ಬಂದಿಲ್ಲವಲ್ಲ."

"ಈ ಹೆಂಗಸ್ರು ಬಂದವ್ರೆ ಅಂತ ಬರೀರಿ."

ಸಾಹೇಬರಿಗೆ ಅರ್ಥವಾಗಲಿಲ್ಲ. ಕೆಂಚಣ್ಣ ಮಾತು ಬಲ್ಲವನಲ್ಲ. ಆದರೆ ಅವತ್ತು ಅವನ ನಾಲಗೆ ಎಲ್ಲಿಯೂ ತಡವರಿಸಲಿಲ್ಲ. "ನನ್ನ ಹೆಂಡ್ತಿ ಹೆತ್ತವ್ವನ ಮಣ್ಣಿಗೆ ಹೋಗಲಿಲ್ಲ ಸಾಹೇಬ್ರೆ. ಮಗನಿಗೆ ಒಂದು ಗುಟುಕು ಉಣ್ಣಿಸಾಕೆ ನನಗೆ ಬರ್ತಿರಲಿಲ್ಲ, ಅದಕ್ಕೆ. ಈ ಒಂಬತ್ತು ಜನ ಒಂದು ಮಾತಿಗೆ ಎದ್ದು ಬಂದವ್ರೆ. ಮನೇಲಿ ಆ ಕೂಸುಗಳಿಗೆ ಈಗ ಯಾರು ಉಣ್ಣಿಸ್ತಾ ಅವ್ರೆ, ಕೇಳ್ರಿ. ನೀವೇ ಕೇಳ್ರಿ."

ಶಿವಕುಮಾರಪ್ಪ ಎದ್ದು ಹೆಂಗಸರ ಹತ್ತಿರ ಹೋಗಿ ಮೆಲ್ಲಗೆ ಒಬ್ಬೊಬ್ಬರನ್ನೇ ಕೇಳಿದರು.

"ನಮ್ಮ ಮಾವ ಅವ್ನೆ. ಮಧ್ಯಾಹ್ನದ್ದು ಅವನೇ ಉಣ್ಣಿಸ್ತಾನೆ," ಎಂದಳು ತಿಪ್ಪಮ್ಮ, ಕಣ್ಣೊರೆಸಿಕೊಂಡು.

"ಅವರಪ್ಪ," ಎಂದಳು ಬೋರಕ್ಕ. ಅನ್ನುವಾಗ ಅವಳಿಗೂ ಸ್ವಲ್ಪ ಜಂಬವೇ.

ಅತ್ತೆ, ದೊಡ್ಡ ಮಗಳು, ಮೈದುನ, ಮತ್ತೆ ಇನ್ನೊಬ್ಬರ ಮಾವ. ಹೆಂಗಸರು ಹೇಳುತ್ತ ಹೋದರು. ಸಾಹೇಬರು ಜೇಬಿನಿಂದ ಅಡಿಪಟ್ಟಿ ತೆಗೆದು, ಫಾರಮ್ಮಿನ ಬಲಗಡೆ ಖಾಲಿ ಉಳಿದಿದ್ದ ಜಾಗದಲ್ಲಿ ಗೆರೆ ಎಳೆದು ಹೊಸದೊಂದು ಕಾಲಂ ಮಾಡಿದರು. ಅದರ ತಲೆಗೆ ಬರೆದದ್ದನ್ನು ಕೆಂಚಣ್ಣ ನಿಂತಲ್ಲಿಂದಲೇ ಓದಿದ: ತಾಯಿ ಇಲ್ಲದ ಹೊತ್ತು ಮಗುವನ್ನು ನೋಡಿಕೊಳ್ಳುವವರು. ಒಂಬತ್ತು ಸಾಲು ತುಂಬಿತು. ಉಳಿದಿಬ್ಬರಲ್ಲಿ ಒಬ್ಬಳು ಬಾಣಂತಿ, ಇನ್ನೊಬ್ಬಳಿಗೆ ಸುದ್ದಿಯೇ ಮುಟ್ಟಿರಲಿಲ್ಲ.

"ಬರೆಯೋದು ನನ್ನ ಕೆಲಸ, ಒಪ್ಪೋದು ಮೇಲಿನವರದ್ದು," ಎಂದರು ಸಾಹೇಬರು. "ಆದರೆ ಇನ್ನುಮೇಲೆ ಯಾರು ನಡೆಸ್ತಾರೆ? ಅದೂ ಬರೀಬೇಕು."

ಗೋವಿಂದಯ್ಯ ಕೆಮ್ಮಿದ.

"ನಾನು ಬರ್ತೀನಿ," ಎಂದಳು ತಿಪ್ಪಮ್ಮ. "ಮೂರು ಮೈಲಿ ಏನು ಮಹಾ. ನನಗೆ ಕಲಿಸಲಿಲ್ಲ ನಿಜ, ಹೊರಗೆ ಕುಂತ್ಕಂಡು ಎಲ್ಲಾ ಕೇಳಿಸ್ಕಂಡಿದೀನಿ."

ಅಷ್ಟು ದುಃಖದಲ್ಲೂ ಜನ ನಕ್ಕುಬಿಟ್ಟರು. ಗೋವಿಂದಯ್ಯನೂ ನಕ್ಕ. "ಆತು ಬಿಡ್ರಪ್ಪ, ಗೊಬ್ಬರ ನಮ್ಮ ಹಟ್ಟಿಯಾಗೆ ಇಟ್ಕಂತೀನಿ," ಎಂದ. ಕೆಂಚಣ್ಣನಿಗೆ ನನ್ನ ಹೆಂಡತಿ ಫೇಲಾಗಲಿಲ್ಲ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಹೊತ್ತಾಯಿತು, ಎತ್ತಾಣ ಎಂದು ಯಾರೋ ಅಂದರು.

ಮಣ್ಣು ಮುಗಿಯುವಾಗ ಎರಡು ಗಂಟೆ. ಗುಂಡಿಯ ದಂಡೆಯಲ್ಲಿ ನಿಂತು ಒಂಬತ್ತು ಹೆಂಗಸರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಹಿಂದಿರುಗಿ ಕಾಲು ತೊಳೆದು, ದೀಪ ನೋಡಿ, ಚಪ್ಪರದ ಕೆಳಗೆ ಸಾಲಾಗಿ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನೆರೆಯವರು ಮುದ್ದೆ, ಹುರುಳಿ ಸಾರು ಮಾಡಿ ತಂದಿದ್ದರು. ಸಾಹೇಬರಿಗೂ ಒಂದು ತಟ್ಟೆ ಬಂತು.

ಹೆದ್ದಾರಿಯಲ್ಲಿ ಹಿರಿಯೂರು ಕಡೆಯ ಬಸ್ಸು ನಿಂತು ಹಾರನ್ ಹೊಡೆಯಿತು. ಬೆಳಿಗ್ಗೆ ಸುದ್ದಿ ಮುಟ್ಟಿಸಿದ್ದ ಕಂಡಕ್ಟರನೇ ಬಾಗಿಲಲ್ಲಿ ಜೋತುಬಿದ್ದು, "ಬರ್ರವ್ವಾ, ಮನೇಲಿ ಕೂಸು ಅವೆ, ಬಿರ್ರನೆ ಬರ್ರಿ!" ಎಂದು ಕೂಗಿದ.

ತಿಪ್ಪಮ್ಮ ಬಾಯಲ್ಲಿದ್ದ ತುತ್ತು ನುಂಗಿ, ತಟ್ಟೆಯಿಂದ ಕಣ್ಣೆತ್ತದೆ, "ಹೋಗಪ್ಪ ನೀನು, ನಾವು ಮುಂದಿನದಕ್ಕೆ ಬರ್ತೀವಿ," ಎಂದಳು. ಬೋರಕ್ಕ ಕಾಲು ಚಾಚಿಕೊಂಡು ಇನ್ನೊಂದು ಸೌಟು ಸಾರು ಕೇಳಿದಳು. ಬಸ್ಸು ಎರಡು ಸಲ ಹಾರನ್ ಹೊಡೆದು, ಕಾದು ನೋಡಿ, ಹೊರಟುಹೋಯಿತು. ಸಾಲಿನಲ್ಲಿ ಒಬ್ಬ ಹೆಂಗಸೂ ಎದ್ದಿರಲಿಲ್ಲ.