ಮನಿಗಾಡಿ ಎಲ್ಲೈತಿ?

ಶ್ರೀಶೈಲ ಮೈಸೂರಿನಲ್ಲಿ ತರಬೇತಿ ಮುಗಿಸಿ ಬಾಗಲಕೋಟೆಗೆ ಇಳಿದ ದಿನ ಊರಿನ ಬಿಸಿಲೂ ಒಂದು ಗಳಿಗೆ ಬದಿಗೆ ಸರಿದು ಅವನಿಗೆ ದಾರಿ ಬಿಟ್ಟಿತು. ಹೋಗುವಾಗ 'ಹೋಗಿ ಬರ್ತೇನಿ' ಅಂದಿದ್ದವನು ಕಚೇರಿಗೆ ಕಾಲಿಟ್ಟವನೇ 'ಬಂದೆ ಕಣ್ರೀ' ಅಂದ. ಅದನ್ನು ಕೇಳಿ ತಲೆಯ ಮೇಲಿನ ಫ್ಯಾನು ತಿರುಗುವುದನ್ನೇ ಮರೆತಿತು. ಕರೆಂಟು ಹೋಗಿತ್ತು ಅನ್ನುವವರೂ ಇದ್ದಾರೆ, ಅವರ ಮಾತು ಬಿಡಿ.

ಕಚೇರಿ ಒಂದು ಸೇವಾ ಬಳಗದ್ದು. ಬೇವೂರು, ಅಮೀನಗಡ, ಹುನಗುಂದದ ಕಡೆಯಿಂದ ಡಯಾಲಿಸಿಸ್‌ಗೆ ಬರುವವರನ್ನು ಮನೆಬಾಗಿಲಿನಿಂದ ಕೂಡಿಸಿಕೊಂಡು ದವಾಖಾನೆಗೆ ಮುಟ್ಟಿಸುವುದು ಅದರ ದೊಡ್ಡ ಕೆಲಸ. ರಕ್ತ, ಔಷಧ, ಶಾಲೆಯ ಸಣ್ಣಪುಟ್ಟ ಸೇವೆಯೂ ಇತ್ತು. ನಾಳೆ ಯಾರ ಪಾಳಿ ಎಂದು ನೋಡುವುದು, ಅವರಿಗೆ ಫೋನು ಹಚ್ಚುವುದು, ಚಾಲಕನ ಮೊಬೈಲಿಗೆ ದಾರಿ ಕಳಿಸುವುದು, ಎಲ್ಲವೂ ಒಂದರ ಬೆನ್ನಿಗೊಂದು ತಾನಾಗಿ ನಡೆಯುವಂತೆ ಕ್ಲೌಡಿನಲ್ಲಿ ಹೆಣೆದಿಟ್ಟವಳು ಇಳಕಲ್ಲಿನ ಅಬೇದಾ. ಇಂಥ ಹೆಣಿಗೆಗೆ ಕಚೇರಿಯವರು ವರ್ಕ್‌ಫ್ಲೋ ಅನ್ನುತ್ತಿದ್ದರು. ಹೆಣೆದವಳು ಈಗ ತವರಿನಲ್ಲಿ ಬಾಣಂತಿ.

ಬಳಗದ ಹಳೆಯ ಕ್ಲೌಡ್ ಖಾತೆ ಹಲವು ಜಿಲ್ಲೆಗಳ ಕೂಡುಖಾತೆ. ಆ ಬುಧವಾರ ಸಂಜೆ ಅದು ಮುಚ್ಚುವುದಿತ್ತು. ಅಷ್ಟರೊಳಗೆ ಬಾಗಲಕೋಟೆಯ ವರ್ಕ್‌ಫ್ಲೋಗಳನ್ನೆಲ್ಲ ಹುಡುಕಿ, ಯಾವುದಕ್ಕೆ ಯಾವುದು ಗಂಟು ಬಿದ್ದಿದೆ ಎಂಬುದರ ಸಮೇತ ಕಾನ್ಫಿಗರೇಶನ್ ಡೇಟಾಬೇಸ್ ಎಂಬ ಕಣಜಕ್ಕೆ ತುಂಬಬೇಕು. ಕಣಜದಲ್ಲಿ ಇದ್ದದ್ದು ಹೊಸ ಖಾತೆಗೆ ಹೋಗುತ್ತದೆ, ಇಲ್ಲದ್ದು ಅಳಿದುಹೋಗುತ್ತದೆ. ಶ್ರೀಶೈಲ ಮೈಸೂರಿನಿಂದ ಹೊತ್ತು ತಂದಿದ್ದು ತಾನಾಗಿ ಹುಡುಕಿ ತುಂಬುವ ಸಾಧನವನ್ನು. ಬಾದಾಮಿಯ ಮಂಗ ಪ್ರವಾಸಿಗಳ ಚೀಲದಲ್ಲಿ ಬಾಳೆಹಣ್ಣು ಹುಡುಕುತ್ತದಲ್ಲ, ಅದಕ್ಕಿಂತ ಚುರುಕು!

ಬುಧವಾರ ಮುಂಜಾನೆಯೇ ಗುಂಡಿ ಒತ್ತಿದ. ಕಣಜ ತುಂಬಿತು. ಹಳೆಯ ಖಾತೆಯಲ್ಲಿ ಬಾಗಲಕೋಟೆಯ ಕೆಲಸ ನಿಲ್ಲಿಸಿ ಹೊಸ ಖಾತೆಯಲ್ಲಿ ಶುರು ಮಾಡಿ, ಅಮೀನಗಡದ ಕರದಂಟು ಹಂಚಿದ.

"ಎಲ್ಲಾ ಸಿಕ್ಕಾವೇನ್ರಿ ಸರ್?" ಎದುರು ಮೇಜಿನ ನೇತ್ರಾ ಕೇಳಿದಳು.

"ಸಿಗದೆ ಎಲ್ಲಿ ಹೋಗುತ್ತೆ ಮಾರಾಯ್ತಿ?"

"ಏ ಯವ್ವಾ, ಮಾರಾಯ್ತಿ ಅಂತ! ಪಾಂಡಪ್ಪ ಕಾಕಾ, ಇವ್ರಿಗೆ ಕೆಂಪು ಚಟ್ನಿ ಹಚ್ಚಿ ರೊಟ್ಟಿ ತಿನ್ನಸ್ರಿ. ನಾಲಗಿ ತೆಳ್ಳಗಾಗೇತಿ."

ಗಾಡಿಯ ಚಾಲಕ ಪಾಂಡಪ್ಪ ಕರದಂಟು ಜಗಿಯುತ್ತಲೇ ನಕ್ಕ. ಅವನ ನಗೆಗೆ ಮೇಜಿನ ಮೇಲಿನ ಕಾಗದಗಳು ಹಾರಿ ರಸ್ತೆಗೆ ಬಿದ್ದವು.

ಮಧ್ಯಾಹ್ನ ಫೋನು ಬಂತು. ಬೇವೂರಿನ ರೇಣವ್ವ. ಆಕೆ ಕುರಿ ಕಾಯುತ್ತಿದ್ದ ಕಾಲದಲ್ಲಿ ಬೇವೂರಿನಲ್ಲಿ ನಿಂತು ಒಂದು ಕೂಗು ಹಾಕಿದರೆ ಕೂಡಲಸಂಗಮದಲ್ಲಿ ನೀರು ಕುಡಿಯುತ್ತಿದ್ದ ಕುರಿ ತಲೆ ಎತ್ತುತ್ತಿತ್ತು. ಈಗ ಆ ದನಿ ಸೋತಿತ್ತು.

"ಯಪ್ಪಾ, ನಮ್ಮ ಹುಡುಗಿ ಇವತ್ತ ಮಾತಾಡಲಿಲ್ಲಲ್ಲೋ. ಆರಾಮ ಅದಾಳಿಲ್ಲ?"

"ಯಾವ ಹುಡುಗಿ, ಯವ್ವಾ?"

"ನಾಳಿ ಗಾಡಿ ಬರ್ತೈತಿ, ಲಗೂನ ತಯಾರಾಗ್ರಿ ಅಂತಾಳಲ್ಲ, ಆಕಿ. ಹಿಂದಕ ಒಂದ ಪಾಳಿ ತಪ್ಪಿದ್ದಕ್ಕ ಉಸರು ಹಿಡಕೊಂಡು ಸಾಯೂದೊಂದ ಬಾಕಿ ಇತ್ತು. ನಾಳಿ ಗಾಡಿ ಬರತೈತೋ ಇಲ್ಲೋ?"

"ಬರತೈತಿ" ಅಂದ ಶ್ರೀಶೈಲನ ಬಾಯಿಂದ ಮೈಸೂರು ಆಗಲೇ ಇಳಿದುಹೋಗಿತ್ತು. ಕಣಜ ತಡಕಾಡಿದ. ರಕ್ತದ ವರ್ಕ್‌ಫ್ಲೋ ಇತ್ತು, ಔಷಧದ್ದು ಇತ್ತು, ಗಾಡಿಯ ಸುಳಿವಿಲ್ಲ.

ಪಾಂಡಪ್ಪ ತನ್ನ ಮೊಬೈಲು ಮುಂದೆ ಹಿಡಿದ. "ನನಗೂ ನಾಳಿನ ದಾರಿ ಬಂದಿಲ್ಲರಿ. ರೇಣವ್ವನ ಮನಿ ಗೊತ್ತೈತಿ, ಹೋಗ್ತೇನಿ. ಉಳದಾವ್ರು ಯಾರು, ಯಾವೂರು, ಹ್ಯಾಂಗ ತಿಳೀಬೇಕು?"

ಪಾಳಿಯೂ ಆ ಹೆಣಿಗೆಯೊಳಗೇ ಇತ್ತು. ಸಂಜೆಗೆ ಅದು ಅಳಿದರೆ ರೇಣವ್ವನಂಥ ಎಷ್ಟು ಮಂದಿ ನಾಳೆ ಅಂಗಳದಲ್ಲಿ ದಾರಿ ಕಾಯುತ್ತಾ ಕೂಡಬೇಕೋ! ಶ್ರೀಶೈಲನ ಹಣೆಯಿಂದ ಇಳಿದ ಬೆವರು ನೋಡಿದ್ದರೆ ಘಟಪ್ರಭೆ ನಾಚಿ ಹಿಂದಕ್ಕೆ ಹರಿಯುತ್ತಿದ್ದಳು. ಇಳಕಲ್ಲಿಗೆ ಫೋನು ಹಚ್ಚಿದ.

"ಸಾವಕಾಶ ಮಾತಾಡ್ರಿ ಸರ್," ಅಬೇದಾ ಪಿಸುಗುಟ್ಟಿದಳು. "ಕೂಸು ಈಗಷ್ಟ ಮಲಗೇತಿ. ಎದ್ರ ಹುನಗುಂದದ ತನಕ ಯಾರಿಗೂ ನಿದ್ದಿ ಇಲ್ಲ."

ಅವನು ಎಲ್ಲ ಹೇಳಿದ. ಅವಳು ಕೇಳಿದಳು, "ಏನಂತ ಹುಡುಕಂದ್ರಿ ಅದಕ್ಕ?"

"ಬ್ಯಾರೆ ಜಿಲ್ಲಾದ್ದು ಕೂಡಬಾರದಂತ ಹೆಸರಿನ ಮೊದಲ ಪದ ಕೊಟ್ಟೀನಿ. ಮನೆ, ಶಾಲೆ, ಆಸ್ಪತ್ರೆ..."

ಆ ಕಡೆ ನಗೆ ಉಕ್ಕಿತು. ಕೂಸು ಎದ್ದೇಬಿಟ್ಟಿತು. ಅದರ ಅಳುವಿನ ನಡುವೆ ಅಬೇದಾ ಕೂಗಿದಳು, "ನಾ ಬರದದ್ದು ಮನಿಗಾಡಿ ಅಂತ್ರಿ ಸರ್! ಸಾಲಿ, ದವಾಖಾನಿ! ಇಳಕಲ್ಲಾಗ ಹುಟ್ಟಿ ಮನಿಗೆ ಮನಿ ಅನ್ನದ ಮತ್ತೇನನ್ಲಿ?"

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರು. ಮನೆ ಎಂದು ಅವನು ಕೊನೆಗೆ E ಹಾಕಿದ್ದ, ಮನಿ ಎಂದು ಅವಳು I ಹಾಕಿದ್ದಳು. ಸಾಧನದ ತಪ್ಪೇನಿಲ್ಲ. ಅದು ಪಾಪ ಮೈಸೂರಿನ ಮನೆಗಳನ್ನು ಹುಡುಕಿಕೊಂಡು ಬಾಗಲಕೋಟೆಯ ಮನಿಗಳ ಮುಂದೆಯೇ ಹಾದುಹೋಗಿತ್ತು.

"ಹೆಸರಿನ ಗೊಡವಿ ಬಿಡ್ರಿ," ಅಬೇದಾ ಅಂದಳು. "ವರ್ಕ್‌ಫ್ಲೋ ಅನ್ನೂದನ್ನೆಲ್ಲಾ ಹುಡುಕು ಅನ್ರಿ. ನಂದರ ಮ್ಯಾಲ ಬಾಗಲಕೋಟಿ ಅಂತ ಚೀಟಿ ಅಂಟಿಸೀನಿ, ಅದನ್ನ ನೋಡಿ ಬ್ಯಾರೆ ಮಾಡ್ತೈತಿ."

ಅವನು ಪದಗಳನ್ನೆಲ್ಲ ಅಳಿಸಿ ಮತ್ತೆ ಗುಂಡಿ ಒತ್ತಿದ. ಮನಿಗಾಡಿ ಬಂತು! ಜಾತ್ರೆಗೆ ಹೊರಟ ಚಕ್ಕಡಿಯ ಹಾಗೆ, ತನ್ನ ಫೋನು, ತನ್ನ ಪಾಳಿ, ತನ್ನ ದಾರಿ ಎಲ್ಲವನ್ನೂ ಕಟ್ಟಿಕೊಂಡು ಬಂತು. ಹಿಂದಿನಿಂದ ಸಾಲಿ, ದವಾಖಾನಿ. ಖಾತೆ ಮುಚ್ಚುವ ಮೊದಲೇ ಎಲ್ಲ ಕಣಜ ಸೇರಿ ಹೊಸ ಮನೆ ಹೊಕ್ಕವು. ಇನ್ನು ಮೇಲೆ ಸಾಧನ ದಿನಾ ಮುಂಜಾನೆ ಯಾರೂ ಹೇಳದೆ ಒಂದು ಸುತ್ತು ಹಾಕಿ ಹೊಸತೇನಿದ್ದರೂ ಬರೆದಿಡುವಂತೆ ಶ್ರೀಶೈಲ ಏರ್ಪಾಡು ಮಾಡಿದ.

ಪಾಂಡಪ್ಪನ ಮೊಬೈಲು ಟಿಣ್ ಅಂತು. "ಬಂತ್ರಿ ಸಾಹೇಬ್ರ, ದಾರಿ!" ಅಂದು ಅವನು ಮೊಬೈಲನ್ನು ಕಣ್ಣಿಗೊತ್ತಿಕೊಂಡ. ಮರುಗಳಿಗೆಗೆ ಬೇವೂರಿನ ಫೋನು. "ಮಾತಾಡಿದಳಪ್ಪಾ ನಮ್ಮ ಹುಡುಗಿ!"

ಮರುದಿನ ಶ್ರೀಶೈಲ ತಾನೂ ಗಾಡಿ ಹತ್ತಿ ಬೇವೂರಿಗೆ ಹೋದ. ರೇಣವ್ವ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಬಗಲಲ್ಲಿ ಹೊಸ ಕಂಬಳಿ.

"ಇದು ಆ ಹುಡುಗಿಗೆ. ಕೂಸು ಹುಟ್ಟೇತಂತ, ಪಾಂಡಪ್ಪ ಹೇಳಿದ. ನಮ್ಮ ಕುರಿ ಉಣ್ಣಿದು, ಬೆಚ್ಚಗಿರತೈತಿ."

"ಯವ್ವಾ, ಫೋನಿನ್ಯಾಗ ಬರೂದು ಅಬೇದಾ ತುಂಬಿಸಿಟ್ಟ ರೆಕಾರ್ಡು. ಖರೆನ ಆಕಿ ಮಾತಾಡಾಂಗಿಲ್ಲ."

"ಅಷ್ಟೂ ತಿಳ್ಯಾಂಗಿಲ್ಲೇನೋ ನನಗ? ಯಾರರ ಒಮ್ಮೆ ಬಾಯಿ ತಗದು ಅಂದ್ರಲ್ಲ ರೆಕಾರ್ಡಾಗೂದು? ನನಗಂತನ ಅಂದಾಳ ಆಕಿ."

ಶ್ರೀಶೈಲ ಕಂಬಳಿಯನ್ನು ಎರಡೂ ಕೈಲಿ ಇಸಿದುಕೊಂಡ. ಆಕೆಯ ಕೈ ಹಿಡಿದು ಗಾಡಿಯಲ್ಲಿ ಕೂಡಿಸಿ, ಇಳಕಲ್ಲಿಗೆ ಫೋನು ಹಚ್ಚಿದ.

"ಅಬೇದಾ, ನಿನ್ನ ಉಪಕಾರ ಭಾಳ ಆತವ್ವ. ತಗೋ, ರೇಣವ್ವ ಅದಾಳ" ಅಂದು ಫೋನನ್ನು ಆಕೆಯ ಕಿವಿಗಿಟ್ಟ.

"ಯವ್ವಾ, ಉಂಡಿರೇನು?" ಅಂತು ಫೋನು.

ರೇಣವ್ವನ ಮುಖ ಅರಳಿತು. ಅಂಗೈಯಿಂದ ಫೋನು ಮುಚ್ಚಿ ಪಾಂಡಪ್ಪನಿಗೆ ಅಂದಳು, "ಏ ಪಾಂಡ್ಯಾ, ಕೇಳಿಲ್ಲೇನು? ಇವತ್ತ ಹೊಸಾ ಮಾತು ಆಡಾಕತ್ತಾಳ! ಗಾಡಿ ಸಾವಕಾಶ ಹೊಡಿ."

ಪಾಂಡಪ್ಪ ಗಾಡಿಯನ್ನು ಎಷ್ಟು ಸಾವಕಾಶ ಹೊಡೆದನೆಂದರೆ ರಸ್ತೆ ಬದಿಯ ಮೇಕೆಗಳು ಜೊತೆಗೆ ನಡೆಯುತ್ತಾ ರೇಣವ್ವನ ಮಾತೆಲ್ಲ ಕೇಳಿಸಿಕೊಂಡವು. ನಂಬದಿದ್ದವರು ಬೇವೂರಿಗೆ ಹೋಗಿ ಮೇಕೆಗಳನ್ನೇ ಕೇಳಿ.