ಒಂದೇ ತರಗತಿ

ಗುಬ್ಬಿ ಪೆನ್ಸಿಲ್ಲಿನ ತುದಿ ಕಚ್ಚುತ್ತಿದ್ದಾಳೆ, ಕಟಕ್ ಕಟಕ್, ಆ ಸದ್ದಿಗೇ ನನ್ನ ತಲೆಯೊಳಗಿನ ಸೈನ್ ಥೀಟಾ ಜಾರಿಹೋಗುತ್ತದೆ, ಅಭಿಮುಖ ಬಾಹು ಮೇಲೆ, ವಿಕರ್ಣ ಕೆಳಗೆ, ಮೇಷ್ಟ್ರು ಹೋದ ವರ್ಷವೂ ಹೇಳಿದ್ದರು, ಅದೇ ಕೋಣೆ, ಅದೇ ಬೋರ್ಡು, ಈಗ ಪಕ್ಕದ ಸಾಲಿನಲ್ಲಿ ಇದೇ ಗುಬ್ಬಿ, ನನ್ನ ತಂಗಿ, ನನಗಿಂತ ಒಂದು ವರ್ಷ ಚಿಕ್ಕವಳು, ನಾನು ಫೇಲಾಗಿ ನಿಂತಲ್ಲಿಗೆ ಅವಳು ನಡೆದು ಬಂದಳು ಅಷ್ಟೆ. ನಾಳೆ ಇಬ್ಬರಿಗೂ ತ್ರಿಕೋನಮಿತಿ ಪರೀಕ್ಷೆ, ಊಟದ ಮೇಜಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ಒಂದೇ ಪುಸ್ತಕ, ಅಡುಗೆಮನೆಯಿಂದ ಅಮ್ಮ, ಗುಬ್ಬಿ, ನಿಮ್ಮಣ್ಣಂಗೆ ಆ ಕೊನೇ ಪಾಠ ಸ್ವಲ್ಪ ಹೇಳ್ಕೊಡೇ, ಅನ್ನುತ್ತಾಳೆ, ಕಿವಿ ಬಿಸಿಯಾಗುತ್ತದೆ, ಇವಳಿಗೆ ಸೈಕಲ್ ಕಲಿಸಿದವನು ನಾನು, ಸೀಟು ಹಿಡಿದು ಹಿಂದೆ ಓಡಿದವನು, ಈಗ ಇವಳು ನನ್ನ ಸೀಟು ಹಿಡಿದು ಓಡಬೇಕಂತೆ. ಬೆಳಿಗ್ಗೆ ಅಪ್ಪ ಶೂ ಕಟ್ಟುತ್ತಾ ತಲೆಯೆತ್ತದೆ ಹೇಳಿದ್ದು, ಈ ಸಲಾನೂ ಡುಮ್ಕಿ ಹೊಡೆದ್ರೆ ಸ್ಕೂಲ್ ಸಾಕು, ಮಾವನ ಗ್ಯಾರೇಜಿಗೆ ಹೋಗು, ಗ್ಯಾರೇಜು, ರಜೆಯಲ್ಲಿ ಹೋಗಿದ್ದೆನಲ್ಲ, ಮಾವ ಗಿರಾಕಿಗಳಿಗೆಲ್ಲ ಪರಿಚಯ ಮಾಡಿಸುತ್ತಿದ್ದ, ಇವನು ನಮ್ಮಕ್ಕನ ಮಗ, ಲೆಕ್ಕದಲ್ಲಿ ಸ್ವಲ್ಪ ಪಂಕ್ಚರ್, ಎಲ್ಲರೂ ನಕ್ಕರು, ನಾನೂ ನಕ್ಕೆ, ಹಲ್ಲು ಬಿಟ್ಟುಕೊಂಡು — ಸಾಕು, ಲೆಕ್ಕ ನೋಡು, ಒಂದು ಗೋಪುರ, ನೆಲದ ಮೇಲೆ ಒಂದೇ ಬದಿಗೆ ಎರಡು ಬಿಂದು, ನಡುವೆ ನಲವತ್ತು ಮೀಟರ್, ಉನ್ನತ ಕೋನ ಒಂದರಿಂದ ಅರವತ್ತು, ಇನ್ನೊಂದರಿಂದ ಮೂವತ್ತು, ಎತ್ತರ ಎಷ್ಟು, ನನಗೇನು ಗೊತ್ತು, ಕೇಳಲೇ, ಕೇಳದಿದ್ದರೆ ನಾಳೆ ಮುಳುಗಿದೆ, ಗುಬ್ಬಿ, ಇದು ಹೇಗೇ, ಪುಸ್ತಕ ತಳ್ಳುತ್ತೇನೆ, ಅವಳು ಚಿತ್ರ ಬರೆಯುತ್ತಾಳೆ, ಅಳಿಸುತ್ತಾಳೆ, ಬರೆಯುತ್ತಾಳೆ, ಅಳಿಸುತ್ತಾಳೆ, ಅಣ್ಣ, ಬರ್ತಿಲ್ಲ. ತಮಾಷೆ ಮಾಡ್ಬೇಡ. ಇಲ್ಲ ಕಣೋ, ನಿನ್ನೆ ಬರ್ತಿತ್ತು, ಈಗ ಟ್ಯಾನ್ ಅಂದ್ರೆ ಏನು ಅಂತಾನೂ —

ಅವಳ ಮುಖ ಬಿಳಚಿಕೊಂಡಿದೆ, ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ, ಅಮ್ಮನನ್ನು ಕರೆಯಲು ಬಾಯಿ ತೆರೆದರೆ ನನ್ನ ಮಣಿಕಟ್ಟು ಹಿಡಿದುಕೊಂಡಳು, ಕರೀಬೇಡ, ನಾನು ಫೇಲಾದ್ರೆ ಏನಾಗುತ್ತೆ ಅಣ್ಣ, ಕ್ಲಾಸಿಗೇ ಮೊದಲು ಬರುವವಳು ಕೇಳುತ್ತಿದ್ದಾಳೆ, ನನ್ನನ್ನು, ಒಂದು ಕ್ಷಣ ಒಳಗೆಲ್ಲೋ ತಣ್ಣಗಾಗುತ್ತದೆ, ಈಗ ಗೊತ್ತಾಯಿತಾ, ನೋಡು, ಥೂ, ಎಂಥವನು ನಾನು, ಅವಳ ಉಗುರು ನಾಟುತ್ತಿದೆ, ಏನಾಗುತ್ತದೆ, ಏನೂ ಆಗುವುದಿಲ್ಲ ಅನ್ನಲೇ, ಸುಳ್ಳು, ಫಲಿತಾಂಶದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟು ಕೂತಿದ್ದೆ, ಅಳು ಹೊರಗೆ ಕೇಳಬಾರದೆಂದು, ಯಾರಿಗೂ ಹೇಳಿಲ್ಲ ಇದನ್ನು, ಈಗ ಹೇಳುತ್ತಿದ್ದೇನೆ, ನನ್ನ ದನಿ ನನಗೇ ಕೇಳಿಸುತ್ತಿದೆ, ತುಂಬಾ ನೋವಾಗುತ್ತೆ ಗುಬ್ಬಿ, ಸಾಯೋ ಹಾಗಾಗುತ್ತೆ, ಆಮೇಲೆ ಹಸಿವಾಗುತ್ತೆ, ಬಾಗಿಲು ತೆಗೀತೀಯ, ಹೊರಗೆ ಯಾರೋ ತಟ್ಟೆ ಹಿಡ್ಕೊಂಡು ನಿಂತಿರ್ತಾರೆ, ನೀನೇ ನಿಂತಿದ್ದೆ. ಅನ್ನ ಆರಿಹೋಗಿತ್ತು, ಅನ್ನುತ್ತಾಳೆ. ಹೂಂ, ಕಲ್ಲಾಗಿತ್ತು, ಆದ್ರೂ ತಿಂದೆ. ಬಿಕ್ಕಿದಳೋ ನಕ್ಕಳೋ, ಉಸಿರು ಹೊರಗೆ ಬಂತು, ಇನ್ನೊಂದು ಬಂತು, ಬಿಡಬೇಡ, ಮಾತಾಡುತ್ತಿರು, ನೋಡೇ, ಟ್ಯಾನ್ ಅಂದ್ರೆ ಎದುರಿಂದು ಬೈ ಪಕ್ಕದ್ದು, ಎಡಗೈಯಲ್ಲಿ ಗೋಪುರ ಬರೆಯುತ್ತೇನೆ, ಬಲಗೈ ಅವಳ ಹಿಡಿತದಲ್ಲಿದೆ, ವಾಲಿದೆ ಕಣೋ ನಿನ್ನ ಗೋಪುರ, ವಾಲಲಿ ಬಿಡು, ಇದು ಎಕ್ಸ್, ಎತ್ತರ ರೂಟ್ ಮೂರು ಎಕ್ಸ್, ಆ ದೂರದ ಬಿಂದುವಿಂದ ಎಕ್ಸ್ ಪ್ಲಸ್ ನಲವತ್ತು, ಅದು — ಅದು ಮೂರು ಎಕ್ಸ್‌ಗೆ ಸಮ, ಅಂದರೆ ಎಕ್ಸ್ ಇಪ್ಪತ್ತು, ಎತ್ತರ ಇಪ್ಪತ್ತು ರೂಟ್ ಮೂರು, ನಾನು ಹೇಳಿದೆನಾ ಇದನ್ನು, ಅವಳು ನೋಡುತ್ತಿದ್ದಾಳೆ, ಸರಿ ಇದೆ ಅಣ್ಣ, ಮತ್ತೊಮ್ಮೆ ಹೇಳು, ಮೆಲ್ಲಗೆ ಹೇಳು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು, ಎಷ್ಟೊತ್ತೋ ಅವಳ ತಲೆ ತಿನ್ನೋದು, ಅವಳೂ ಓದ್ಕೋಬೇಕಲ್ವಾ, ಗುಬ್ಬಿ ಬಾಯಿ ತೆರೆಯುತ್ತಾಳೆ, ಅಲ್ಲಮ್ಮ, ಅಣ್ಣನೇ — ಮೇಜಿನ ಕೆಳಗೆ ಅವಳ ಕಾಲು ಒತ್ತುತ್ತೇನೆ, ಆಯ್ತಮ್ಮ, ಇದೊಂದೇ, ಮುಗೀತು, ಅಮ್ಮ ಹೋದಳು, ಗುಬ್ಬಿ ಕೈ ಬಿಟ್ಟಳು, ಪೆನ್ಸಿಲ್ ತೆಗೆದುಕೊಂಡು ಮೊದಲಿನಿಂದ ಬರೆಯುತ್ತಿದ್ದಾಳೆ, ನಾನೂ ಬರೆಯಬೇಕು, ಮುಂದಿನ ಲೆಕ್ಕ, ಒಂದು ಮರ, ಒಂದು ನೆರಳು, ಓದುತ್ತೇನೆ, ಏನೂ ಒಳಗಿಳಿಯುತ್ತಿಲ್ಲ, ಮಣಿಕಟ್ಟಿನ ಮೇಲೆ ಅವಳ ಉಗುರಿನ ಗುರುತು, ಮರ, ನೆರಳು, ಕೋನ ನಲವತ್ತೈದು, ಉಗುರಿನ ಗುರುತು, ನಾಲ್ಕು, ಕೆಂಪಗೆ, ಬಾಗಿವೆ, ಇನ್ನೂ ಹೋಗಿಲ್ಲ.